ಗೌರಕ್ಕ ಸೇದಿದ ಕಪ್ಪು ಚುಟ್ಟ

ಗೌರಕ್ಕನಿಗೆ ಸಿಟ್ಟು ಬಂದರೆ ಮೊದಲು ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಒಳ್ಳೆಯ ವಾಸನೆ ಸಿಕ್ಕಿದರೂ ಹಾಗೇ ಅರಳುತ್ತಿದ್ದವು. ಹಾಗಾಗಿ ಅವಳು ಎದುರಿಗೆ ಬಂದು ನಿಂತರೆ ಹೊಗಳುತ್ತಾಳೋ ಉಗಿಯುತ್ತಾಳೋ ಗೊತ್ತಾಗುತ್ತಿರಲಿಲ್ಲ. ಹೆಚ್ಚು ಸಲ ಉಗಿಯುತ್ತಿದ್ದಳು.

ಹೆತ್ತೂರಿನಿಂದಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಆರು ವರ್ಷ ರೈಟರ್ ಆಗಿದ್ದೆ. ಹಾಜರಿ ಬರೆಯುವುದು, ಸ್ಟೋರ್ ನೋಡಿಕೊಳ್ಳುವುದು ನನ್ನ ಕೆಲಸ. ಗೌರಕ್ಕ ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದುಕೊಂಡು ಕಾಫಿ ಒಣಗಿಸುವ ಕಣದ ಉಸ್ತುವಾರಿ ಮಾಡುತ್ತಿದ್ದಳು. ನಾನು ಹೊಸದಾಗಿ ಸೇರಿದ ವರ್ಷ, ತೇವ ಅಳೆಯುವ ಮೆಷಿನ್ ನಂಬಿ ಕಾಫಿ ಚೀಲಗಳನ್ನು ಹೊಲಿಸಿಬಿಟ್ಟಿದ್ದೆ. ಅವಳು ಬಂದು ಒಂದು ಚೀಲದ ಹೊಲಿಗೆ ಕಿತ್ತು, ಬೀಜವೊಂದನ್ನು ಹಲ್ಲಿಗಿಟ್ಟು ಕಚ್ಚಿದಳು.

"ರೈಟ್ರೇ, ನಿಮ್ ಮೆಷಿನ್‌ಗೆ ಹಲ್ಲೈತಾ? ಕಚ್ಚಿದ್ರೆ ಟಕ್ ಅನ್ಬೇಕು. ಇದು ನೆನೆಸಿದ ಕಡ್ಲೆ ಕಚ್ದಂಗೈತೆ. ಎಲ್ಲಾ ಬಿಚ್ಸಿ, ಕಣಕ್ಕೆ ಸುರೀರಿ."

ಪಕ್ಕದ ಎಸ್ಟೇಟಿನಿಂದ ಬೇರೆ ಮೆಷಿನ್ ತರಿಸಿ ನೋಡಿದೆವು. ಅವಳದೇ ಸರಿ. ನಾನು ತಪ್ಪೊಪ್ಪಿಕೊಳ್ಳಲು ಹೋದರೆ, "ಮೆಷಿನ್ ಸುಳ್ಳು ಹೇಳ್ತು ಅಂತ ಬೈಯ್ಬೇಡಿ. ಕೇಳ್ಕಂಡು ಕೂತಿದ್ದು ನೀವು" ಎಂದು ಇನ್ನೊಂದು ಸುತ್ತು ಬೈದಳು. ಆಮೇಲೆ ಒಂದು ಲೋಟ ಕರಿಕಾಫಿ ಕೊಟ್ಟಳು.

ಅವಳ ತವರು ಅರಕಲಗೂಡು ಕಡೆ. ಅಲ್ಲಿ ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದನಂತೆ. ಲಂಗ ಉಡುವ ವಯಸ್ಸಿಗೇ ಕಡ್ಡಿಗೆ ಸೊಪ್ಪು ಪೋಣಿಸುತ್ತಿದ್ದವಳು ಎಲೆ ಮೂಸಿಯೇ ಗಿಡದ ಬುಡದ್ದೋ ತುದಿಯದ್ದೋ ಹೇಳುತ್ತಿದ್ದಳಂತೆ. ನಾವು ನಂಬಿರಲಿಲ್ಲ.

ಎಸ್ಟೇಟಿನ ಯಜಮಾನರಾದ ಗೌಡರ ಅಳಿಯ ಬಂದು ಬಂಗಲೆಯನ್ನು ಹೋಮ್‌ಸ್ಟೇ ಮಾಡಿದ ಮೇಲೆ ನಂಬಬೇಕಾಯಿತು. ಮಳೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ಜಗಲಿಯಲ್ಲಿ ಏಳೆಂಟು ಜನ ಅತಿಥಿಗಳು ಕೂತಿದ್ದರು. ಅಳಿಯ ಹೊರದೇಶದಿಂದ ತರಿಸಿದ ಸಿಗಾರ್ ಪೆಟ್ಟಿಗೆ ತೆಗೆದ. ಹೆಬ್ಬೆರಳು ಗಾತ್ರದವು, ಮೇಲಿನ ಎಲೆ ಕಣದಲ್ಲಿ ಒಣಗಿದ ಕಾಫಿ ಹಣ್ಣಿನ ಹಾಗೆ ಕಪ್ಪಗೆ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅದರ ರುಚಿ ಹೇಗಿದೆ ಎಂದು ಹೇಳಲು ಅವರಲ್ಲಿ ಯಾರಿಗೂ ಬರಲಿಲ್ಲ. ಚೆನ್ನಾಗಿದೆ, ಸ್ಟ್ರಾಂಗ್ ಇದೆ, ಅಷ್ಟೇ. ಆಗ ಅಳಿಯನಿಗೆ ತಮಾಷೆ ಹೊಳೆಯಿತು. ಗೌರಕ್ಕನನ್ನು ಕರೆಸಿದ. ಅವಳ ಮಾತನ್ನು ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಹೇಳಲು ನನ್ನನ್ನೂ ಕರೆಸಿದ.

ಅವಳು ಸಂಕೋಚಪಡಲಿಲ್ಲ. ಕೈ ಒರೆಸಿಕೊಂಡು ಸಿಗಾರ್ ತೆಗೆದುಕೊಂಡಳು, ಮೂಸಿದಳು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅದುಮಿದಳು. ಹಚ್ಚಿಸಿಕೊಂಡು ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಮೂಗಿನ ಹೊಳ್ಳೆ ಅರಳಿತು.

"ಮೊದ್ಲು ಕರಿಮೆಣಸು ನಾಲ್ಗೆ ಮೇಲೆ ಕೂತ್ಕತದೆ. ಅದು ಇಳೀತಿದ್ದಂಗೆ ತಳ ಹಿಡಿದ ಬೆಲ್ಲದ ಪಾಕ. ಕೊನೇಲಿ ಹೊಸ ಗೋಣಿಚೀಲದ ವಾಸನೆ" ಎಂದಳು. ಇನ್ನೊಮ್ಮೆ ಎಳೆದಳು. "ಮೇಲ್ಗಡೆ ಎಲೆ ಗಿಡದ ತುದೀದು. ಬಿಸ್ಲು ಜಾಸ್ತಿ ತಿಂದೈತೆ, ಅದ್ಕೇ ದಪ್ಪ. ಬಣ್ಣ ಹಚ್ಚಿ ಕಪ್ಪು ಮಾಡಿದ್ದಲ್ಲ. ಗುಡ್ಡೆ ಹಾಕಿ, ಮುಚ್ಚಿ, ತಿಂಗಳುಗಟ್ಲೆ ಬೆವರ್ಸಿದಾರೆ. ನಮ್ಮಪ್ಪ ತನಗೆ ಅಂತ ಇಟ್ಕಂಡ ಸೊಪ್ಪನ್ನ ಹಿಂಗೇ ಮಾಡ್ತಿದ್ದ."

ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಅತಿಥಿಗಳು ತಮ್ಮ ಸಿಗಾರ್‌ಗಳನ್ನು ಮತ್ತೆ ಬಾಯಿಗಿಟ್ಟು, ಹೌದು ಮೆಣಸು, ಹೌದು ಬೆಲ್ಲ ಎಂದು ತಲೆಯಾಡಿಸಿದರು. ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲೂ ತುದಿಯ ಎಲೆ ಎಂದೇ ಬರೆದಿತ್ತು. ಅಳಿಯ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

ಮಾರನೆಯ ದಿನ ಅವನು, "ಆಯಮ್ಮ ಹೇಳಿದ್ದನ್ನ ನೀಟಾಗಿ ಟೈಪ್ ಮಾಡಿ ಕೊಡ್ರಿ" ಎಂದ. ಕೊಟ್ಟೆ. ವಾರದೊಳಗೆ ಅದು ಚಿನ್ನದ ಬಣ್ಣದ ಅಕ್ಷರದಲ್ಲಿ, ಅತಿಥಿಗಳಿಗೆ ಹಂಚುವ ಕಾರ್ಡ್ ಆಗಿ ಬಂತು. ಕೆಳಗೆ ಅಳಿಯನ ಹೆಸರಿತ್ತು, ಎಲ್ಲ ಅವನೇ ಸವಿದು ಬರೆದ ಹಾಗೆ. ಜೊತೆಗೆ ಇಂಟರ್ನೆಟ್ಟಿನಲ್ಲಿ ವಿಡಿಯೋ ಹಾಕಿದ್ದ. ಅದರಲ್ಲಿ ಗೌರಕ್ಕನ ಒಂದೇ ಒಂದು ಮಾತಿಲ್ಲ. ಕಣ್ಣು ಮುಚ್ಚಿ ಹೊಗೆ ಬಿಡುವ ಮುದುಕಿ, ಹಿಂದೆ ನಗಿಸುವ ಸಂಗೀತ. ಲೈನ್ ಮನೆಗಳಲ್ಲಿ ಮೊಬೈಲ್ ಇದ್ದವರೆಲ್ಲ ನೋಡಿದರು.

ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಕಳ್ಳನೊಬ್ಬ ಕಾಫಿ ಚೀಲ ಹೊತ್ತರೆ ಹಿಡಿದು ಕಟ್ಟಿಹಾಕುವ ಊರು ನಮ್ಮದು. ಒಬ್ಬಳ ನಾಲಿಗೆಯನ್ನೇ ಹೊತ್ತುಕೊಂಡು ಹೋದವನಿಗೆ ಎಲ್ಲರೂ ನಮಸ್ಕಾರ ಹೊಡೆಯುತ್ತಿದ್ದೆವು.

ಗೌರಕ್ಕ ನೇರ ಬಂಗಲೆ ಜಗಲಿಗೆ ಹೋದಳು. ನಾನು ಅಲ್ಲೇ ಇದ್ದೆ. "ಸೇದಿದ್ದು ತೋರ್ಸಿದ್ದಕ್ಕೆ ನನಗೇನೂ ನಾಚ್ಕೆ ಇಲ್ಲ ಅಳಿಯಂದ್ರೇ. ಹೇಳಿದ್ದು ಎಲ್ಲೋಯ್ತು?" ಎಂದು ಕೇಳಿದಳು.

ಅವನು ನಕ್ಕ. "ಏನ್ ಹೇಳಿದ್ರಿ ಅಜ್ಜಿ? ಸುಮ್ನೆ ಮಜಾಕ್ಕೆ ಅಲ್ವಾ. ಕಾರ್ಡಲ್ಲಿರೋದು ನಾನೇ ಬರೆದದ್ದು. ರೈಟರ್‌ನ ಕೇಳಿ ಬೇಕಾದ್ರೆ."

ಅವಳು ನನ್ನ ಕಡೆ ತಿರುಗಿದಳು. ಅವಳು ಆಡಿದ ಒಂದೊಂದು ಮಾತೂ ನನ್ನ ಬೆರಳಿನಿಂದಲೇ ಟೈಪಾಗಿತ್ತು. ನಾನು ಹಾಜರಿ ಪುಸ್ತಕ ನೋಡುತ್ತಾ ನಿಂತೆ. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಮೆಟ್ಟಿಲಿಳಿದು ಹೋದಳು. ಆ ವಾರವೇ ಲೈನ್ ಮನೆ ಖಾಲಿ ಮಾಡಿ ಆಲೂರಿನಲ್ಲಿದ್ದ ಮಗಳ ಮನೆ ಸೇರಿದಳು.

ನಾನು ಇನ್ನೂ ನಾಲ್ಕು ತಿಂಗಳು ಅಲ್ಲೇ ಇದ್ದೆ. ಬಂದವರಿಗೆಲ್ಲ ಆ ಕಾರ್ಡ್ ಹಂಚುವುದೂ ನನ್ನ ಕೆಲಸವಾಯಿತು. ಅಳಿಯನ ಮೇಲಿದ್ದ ಸಿಟ್ಟು ಕಾರ್ಡ್ ಹಂಚುತ್ತಾ ಹಂಚುತ್ತಾ ನನ್ನ ಮೇಲೇ ತಿರುಗಿತು. ಒಂದು ದಿನ ಉಳಿದ ಕಾರ್ಡುಗಳನ್ನು ಹಂಡೆಯ ಒಲೆಗೆ ತುರುಕಿ, ಗೌಡರಿಗೆ ಹೇಳಿ ಕೆಲಸ ಬಿಟ್ಟೆ.

ಆಮೇಲೆ ಅವಳು ಒಂದೇ ಸಲ ಸಿಕ್ಕಿದ್ದು, ಸಕಲೇಶಪುರದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ. ಕಿಟಕಿಯ ಪಕ್ಕ ಕೂತಿದ್ದಳು, ಪಕ್ಕದ ಸೀಟು ಖಾಲಿಯಿತ್ತು. ನನ್ನನ್ನು ನೋಡಿ ಮಡಿಲಲ್ಲಿದ್ದ ಬ್ಯಾಗನ್ನು ತೆಗೆದು ಆ ಸೀಟಿನ ಮೇಲಿಟ್ಟಳು. ನಾನು ಕಂಬಿ ಹಿಡಿದು ಅಲ್ಲೇ ನಿಂತೆ.

"ಗೌರಕ್ಕ, ನಾನು ಅಲ್ಲಿ ಕೆಲ್ಸ ಬಿಟ್ಟೆ" ಎಂದೆ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಲೂರಿನ ಸ್ಟಾಪ್ ಬಂದಾಗ ಬ್ಯಾಗ್ ಎತ್ತಿಕೊಂಡು ಎದ್ದು, ನನ್ನ ಎದುರಿಗೆ ಬಂದು ನಿಂತಳು.

"ಕೆಲ್ಸ ಯಾರ್ ಬೇಕಾದ್ರೂ ಬಿಡ್ತಾರೆ ಮಾರಾಯ. ಅವತ್ತು ನೀನು ಬಾಯಿ ಬಿಡ್ಬೇಕಿತ್ತು."

ಆರು ವರ್ಷದಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಕರೆದಿದ್ದು ಅದೇ ಮೊದಲು. ಅವಳು ಇಳಿದ ಮೇಲೆ ಸೀಟು ಖಾಲಿಯಾಯಿತು. ಹಾಸನದ ತನಕ ನಾನು ಕೂರಲಿಲ್ಲ.