ಜನವರಿ ಒಂದರಂದು ಹುಟ್ಟಿದವರು

ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯವೆಂದು ನಂಬುವವರೇ ತುಂಬಿರುವ ನಮ್ಮ ಕ್ಷೇತ್ರದಲ್ಲಿ, ಅದು ತೋರಿಸುವ ಪ್ರತಿಯೊಂದು ತಾರೀಖನ್ನೂ ಅನುಮಾನದಿಂದಲೇ ನೋಡುತ್ತ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿದವರು ಶ್ರೀಮತಿ ನೂರ್ಜಹಾನ್ ಅವರು. ಹಲಸೂರಿನ ನಮ್ಮ ಟ್ರಸ್ಟಿಗೆ ಮೂರು ಶಾಲೆಗಳು, ಒಂದು ಹೆರಿಗೆ ಆಸ್ಪತ್ರೆ. ಅವುಗಳ ದಾಖಲೆ ವಿಭಾಗಕ್ಕೆ ೧೯೯೧ರಲ್ಲಿ ಟೈಪಿಸ್ಟಾಗಿ ಸೇರಿ, ತಾವೇ ಓದಿ ಕಲಿತು ಪ್ರೋಗ್ರಾಮರ್ ಆಗಿ, ಕೊನೆಗೆ ವಿಭಾಗದ ಮುಖ್ಯಸ್ಥೆಯಾದರು. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ನಾಲ್ಕಂಕಿ ಬೇಕೇ ಬೇಕೆಂದು ಹಟ ಹಿಡಿದು 'ಅನುಮಾನದ ಮೇಡಂ' ಎನ್ನಿಸಿಕೊಂಡರು. ಎರಡು ಸಾವಿರದ ಇಸವಿ ಬಂದಾಗ ಆಡಿಕೊಂಡವರ ಬಾಯಿ ತಾನಾಗಿ ಮುಚ್ಚಿತು.

೨೦೧೪ರಲ್ಲಿ ಸಿಂಧನೂರಿನಿಂದ ಬಂದು ಅವರ ವಿಭಾಗ ಸೇರಿದ ನನಗೆ ಲಿಂಗರಾಜಪುರದಲ್ಲಿ ಯಾರೂ ಬಾಡಿಗೆಗೆ ಕೋಣೆ ಕೊಡಲಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ತಮ್ಮ ಮನೆಯಿಂದ ಮೇಡಂ ಆಟೋ ಹಿಡಿದು ಬಂದು, "ಈರೇಶ್ ಅವ್ರ ಜವಾಬ್ದಾರಿ ನಂದು" ಎಂದು ಮಾಲೀಕರೆದುರು ನಿಂತರು. ಎಲ್ಲವನ್ನೂ ಶಂಕಿಸುವ ಈಕೆ ಗುರುತು ಪರಿಚಯವಿಲ್ಲದ ನನ್ನನ್ನು ಅದು ಹೇಗೆ ನಂಬಿದರೋ!

ವಿಭಾಗದಲ್ಲಿ ಅವರದೊಂದು ಕಟ್ಟಳೆಯಿತ್ತು. ಪ್ರೋಗ್ರಾಮ್ ಎಷ್ಟೇ ಸಣ್ಣದಿರಲಿ, ಡಿಸೆಂಬರ್ ಮೂವತ್ತೊಂದು ಮತ್ತು ಜನವರಿ ಒಂದು, ಈ ಎರಡು ತಾರೀಖು ಹಾಕಿ ನೋಡದೆ ಬಳಕೆಗೆ ಬಿಡುವಂತಿಲ್ಲ. ಈ ವರ್ಷದ ಜುಲೈನಲ್ಲಿ, ಮೇಡಂ ರಜೆಯಲ್ಲಿದ್ದಾಗ, ನಿವೃತ್ತರಾಗುವವರ ಪಟ್ಟಿಗಾಗಿ ನಾನು ಬರೆದದ್ದು ಒಂದೇ ಸಾಲು: ಜನ್ಮದಿನಾಂಕದಿಂದ ಇಸವಿಯನ್ನಷ್ಟೇ ತೆಗೆದು ಅದಕ್ಕೆ ಅರವತ್ತು ಕೂಡಿಸುವುದು. ಹಾಗೆ ಬಂದ ಇಸವಿಯ ಕೊನೆಯ ದಿನವೇ ನಿವೃತ್ತಿ. ಇದು ಟ್ರಸ್ಟಿನ ನಿಯಮ. ಒಂದು ಸಾಲಿಗೇನು ಪರೀಕ್ಷೆ ಎಂದು ಕಟ್ಟಳೆ ಮುರಿದೆ.

ಪಟ್ಟಿ ಹೊರಬಿದ್ದ ಮರುದಿನ ಆಸ್ಪತ್ರೆಯ ಆಯಾ ಜಟ್ಟೆಮ್ಮ ಬಂದು, "ಯಪ್ಪಾ, ನಂದಿನ್ನೂ ಒಂದು ವರ್ಸ ಐತಲ್ರೀ? ಮೊಮ್ಮಗಳದು ಸಾಲ್ಯಾಗ ಹತ್ತನೇತ್ತಾ ಮುಗಿಯೋಮಟ ಈ ನೌಕರಿ ಇರ್ಲೇಬೇಕ್ರೀ" ಎಂದು ಅತ್ತರು. "ಕಂಪ್ಯೂಟರ್ ತಪ್ಪು ಹೇಳಲ್ಲಮ್ಮ" ಎಂದು ಸಾಗಹಾಕಿದೆ.

ರಜೆ ಮುಗಿಸಿ ಬಂದ ಮೇಡಂ ಸಾಗಹಾಕಲಿಲ್ಲ; ಮೂರು ದಿನ ಕೂತು ಹುಡುಕಿದರು. ನಮ್ಮ ಹೊಸ ಕಂಪ್ಯೂಟರ್ ವ್ಯವಸ್ಥೆ ಪ್ರತಿ ತಾರೀಖನ್ನೂ ಇಂಗ್ಲೆಂಡಿನ ಗ್ರೀನ್‌ವಿಚ್ ಸಮಯಕ್ಕೆ ತಿರುಗಿಸಿ ಇಡುತ್ತಿತ್ತು. ನಮ್ಮಲ್ಲಿ ೧೯೬೬ರ ಜನವರಿ ಒಂದು, ಅಂದರೆ ದಾಖಲೆಯಲ್ಲಿ ಜಟ್ಟೆಮ್ಮನವರ ಜನ್ಮದಿನ, ಶುರುವಾಗುವ ಗಳಿಗೆಯಲ್ಲಿ ಅಲ್ಲಿನ್ನೂ ಹಿಂದಿನ ದಿನದ ಸಂಜೆ ಆರೂವರೆ, ಇಸವಿ ೧೯೬೫. ನನ್ನ ಸಾಲು ಎತ್ತಿಕೊಂಡದ್ದು ಆ ಇಸವಿಯನ್ನು. ಜನವರಿ ಒಂದರವರು ನಮ್ಮಲ್ಲಿ ಕಡಿಮೆಯೇ? ಹುಟ್ಟಿದ ದಿನ ತಿಳಿಯದ ಮಕ್ಕಳಿಗೆಲ್ಲ ಆಗಿನ ಮೇಷ್ಟ್ರುಗಳು ಬರೆದುಕೊಟ್ಟದ್ದು ಅದನ್ನೇ. ಹೀಗೆ ಐದು ಜನ ಒಂದು ವರ್ಷ ಮೊದಲೇ ಮನೆಗೆ ಹೋಗುವವರಿದ್ದರು.

ಐದನೆಯವರು ಸ್ವತಃ ಮೇಡಂ! ಹೇಳಲು ನಾಚಿಕೆಯಾಗುತ್ತದೆ, ಕ್ಯಾಂಟೀನಿನಲ್ಲಿ ನಾನೇ ನಾಲಗೆ ಹರಿಬಿಟ್ಟೆ: "ಜಟ್ಟೆಮ್ಮ ಬರೀ ನೆಪ ಗುರು, ಮೇಡಂ ತಮ್ದೇ ಒಂದು ವರ್ಷ ಉಳಿಸ್ಕೋತಿದಾರೆ." ಹಾಗೆಂದು ನಿಜವಾಗಿಯೂ ಶಂಕಿಸಿದ್ದೆ; ನನ್ನ ತಪ್ಪು ಮುಚ್ಚಿಹೋಗಲೆಂಬ ಆಸೆಯೂ ಇತ್ತು. ಮಾತು ಕಾರ್ಯದರ್ಶಿ ಮುನಿಆಂಜನಪ್ಪನವರ ಕಿವಿಗೆ ಬಿತ್ತು. ತಿದ್ದುಪಡಿಗೆಂದು ಮೇಡಂ ಐವರ ಪಟ್ಟಿ ಮುಂದಿಟ್ಟ ಸಭೆಯಲ್ಲಿ ಅವರು ಅದರ ಮೇಲೆ ಬೆರಳಿಟ್ಟು, "ಇದ್ರಲ್ಲಿ ನಿಮ್ಮ ಹೆಸ್ರೂ ಇದೆಯಲ್ಲಾ ಮೇಡಂ?" ಎಂದರು.

ಮೇಡಂ ಒಮ್ಮೆ ನನ್ನತ್ತ ನೋಡಿದರು. "ನಂದು ಹಾಗೇ ಇರ್ಲಿ ಸಾರ್, ನಾನು ಈ ವರ್ಷಾನೇ ಹೋಗ್ತೀನಿ. ಮಿಕ್ಕ ನಾಲ್ಕು ಜನರದ್ದು ಇವತ್ತೇ ಸರಿ ಮಾಡ್ಸಿ." ಆ ಸಾಲು ಬರೆದವರು ಯಾರೆಂದು ಕೇಳಿದಾಗ, "ನನ್ನ ವಿಭಾಗದ ತಪ್ಪು, ಅಂದ್ರೆ ನಂದೇ" ಎಂದು ಮುಗಿಸಿದರು.

ಜಟ್ಟೆಮ್ಮನವರ ಕೆಲಸ ಉಳಿಯಿತು. ತಿಂಗಳ ನಂತರ ನಾನು ತಪ್ಪೊಪ್ಪಿ ಪತ್ರ ಕೊಟ್ಟೆ. ಆಡಳಿತ ಮಂಡಳಿ ಮೇಡಂ ಅವರ ವರ್ಷವನ್ನೂ ಮರಳಿಸಲು ಮುಂದಾಯಿತು. ಅವರು ಒಪ್ಪಲಿಲ್ಲ. "ಕೊಟ್ಟ ಮಾತು ಕೊಟ್ಟಾಯ್ತು ಈರೇಶ್, ಬಿಡ್ರಿ" ಎಂದರು. ಈ ಲೇಖನವನ್ನು ನಾನೇ ಬರೆಯಬೇಕೆಂದು ಹೇಳಿದವರೂ ಅವರೇ ಅಂತೆ. ಇದು ವಾತ್ಸಲ್ಯವೋ ಶಿಕ್ಷೆಯೋ, ನನಗಿನ್ನೂ ಅನುಮಾನ.

ಶಿವಾಜಿನಗರದ ಹೆಣ್ಣುಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಹೊರಟಿರುವ ಮೇಡಂ ನೂರು ಕಾಲ ಬಾಳಲಿ, ಅವರ ಅನುಮಾನ ಆ ಮಕ್ಕಳಿಗೂ ಅಂಟಲಿ. ಓದುಗರು ಒಂದು ಮಾತು ತಿಳಿಯಬೇಕು: ಈ ಅಭಿನಂದನ ಸಂಪುಟ ಹೊರಬರಬೇಕಾಗಿದ್ದದ್ದು ಬರುವ ವರ್ಷದ ಡಿಸೆಂಬರಿನಲ್ಲಿ. ಒಂದು ವರ್ಷ ಮೊದಲೇ ಅದು ನಿಮ್ಮ ಕೈಯಲ್ಲಿರುವುದಕ್ಕೆ ಕಾರಣ ನಾನು.