ಗುಮಾನಿ ಮೇಷ್ಟ್ರ ಪಕ್ಕದ ಕುರ್ಚಿ

ಗುಮಾನಿ ಮೇಷ್ಟ್ರು ಯಾರನ್ನೂ ನಂಬದ ಮನುಷ್ಯ. ಇದಕ್ಕಿಂತ ಮೃದುವಾಗಿ ಹೇಳಲು ಬರುವುದಿಲ್ಲ. ಹೆಂಡತಿ ಗ್ಯಾಸ್ ಆರಿಸಿದೆನೆಂದರೆ ಅಡುಗೆಮನೆಗೆ ಹೋಗಿ ನೋಡಿಬರುವರು. ವೈದ್ಯರು ಆರೋಗ್ಯವಾಗಿದ್ದೀರಿ ಎಂದರೆ ಇನ್ನೊಬ್ಬ ವೈದ್ಯರನ್ನು ಹುಡುಕುವರು. ವಿಮಾನ ನಿಲ್ದಾಣದ ರೇಡಾರ್ ಕೋಣೆಯಲ್ಲಿ ಅವರು ಹೊಸಬರಿಗೆ ಕೆಲಸ ಕಲಿಸುತ್ತಿದ್ದರು. 'ಗುಮಾನಿ' ಎಂದು ಹೆಸರಿಟ್ಟವರೂ ಆ ಹೊಸಬರೇ. ಕಲಿಯುವವರು ಪೈಲಟ್ ಜೊತೆ ಮಾತು ಶುರುಮಾಡುವ ಮೊದಲೇ ಮೇಷ್ಟ್ರ ಬೆರಳು ತಮ್ಮ ಗುಂಡಿಯ ಮೇಲಿರುತ್ತಿತ್ತು. ಅದನ್ನು ಒತ್ತಿದರೆ ಕಲಿಯುವವರ ದನಿ ಕಟ್ಟಾಗಿ ಮೇಷ್ಟ್ರ ದನಿಯೇ ಪೈಲಟ್‌ಗೆ ಹೋಗುತ್ತಿತ್ತು.

ಅವರ ಶಿಷ್ಯೆಯೊಬ್ಬಳಿಗೆ ಆ ಬೆರಳಿನ ಮೇಲೆ ಸಿಟ್ಟೂ ಇತ್ತು, ಅದರ ಋಣವೂ ಇತ್ತು. ಹಿಂದೊಮ್ಮೆ ಎದುರುಬದುರಾಗಿ ಬರುತ್ತಿದ್ದ ಎರಡು ವಿಮಾನಗಳಿಗೆ ಅವಳು ಒಂದೇ ಎತ್ತರ ಕೊಟ್ಟುಬಿಟ್ಟಿದ್ದಳು. ತಪ್ಪು ಹೊಳೆಯುವಷ್ಟರಲ್ಲಿ ಮೇಷ್ಟ್ರು ಒಂದನ್ನು ಪಕ್ಕಕ್ಕೆ ತಿರುಗಿಸಿಯಾಗಿತ್ತು. ಆ ವಿಮಾನಗಳಲ್ಲಿದ್ದವರು ಯಾರೂ ಅವರಿಗೆ ಕೈಮುಗಿಯಲಿಲ್ಲ, ಗೊತ್ತಾದರೆ ತಾನೆ! ಗೊತ್ತಿದ್ದವಳು ಇವಳೊಬ್ಬಳು. ಮನೆಗೆ ಬಂದು ಅತ್ತಾಗ ಅಮ್ಮ ಅಂದಿದ್ದಳು: "ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರ್ಲಿ. ಬೈದ್ರೆ ಬೈಸ್ಕೊ, ಏನ್ ಮೈ ಸವೆದುಹೋಗುತ್ತಾ?" ಅಂದಿನಿಂದ ಅವರ ಬೈಗುಳವೂ ಅವಳಿಗೆ ಹಿತವಾಗಿಯೇ ಕೇಳುತ್ತಿತ್ತು.

ಪರೀಕ್ಷೆಯ ದಿನ ಬಂತು. ಮೇಷ್ಟ್ರು ಒಂದು ಸಲ ಗುಂಡಿ ಒತ್ತಿದರೂ ಅವಳು ಫೇಲು; ರೇಡಾರ್ ಪರದೆಯ ಮುಂದಿನ ಕುರ್ಚಿಯಲ್ಲಿ ಒಬ್ಬಳೇ ಕೂರುವ ಆಸೆ ಬಿಡಬೇಕು.

"ನೀರು ಕುಡಿದ್ಯಾ?"

"ಕುಡಿದೆ ಸರ್."

"ನಿಜವಾಗ್ಲೂ?"

"ಬೇಕಾದ್ರೆ ಬಾಟ್ಲಿ ತೂಗಿ ನೋಡಿ ಸರ್."

ಸಂಜೆಯ ದಟ್ಟಣೆ. ಒಂದು ವಿಮಾನ ನಿಲ್ದಾಣಕ್ಕೆ ಬರುತ್ತ ಆರು ಸಾವಿರ ಅಡಿಗೆ ಇಳಿಯುತ್ತಿತ್ತು. ಆಗತಾನೇ ಹಾರಿದ್ದ ಇನ್ನೊಂದಕ್ಕೆ ಐದು ಸಾವಿರದಲ್ಲೇ ನಿಲ್ಲಲು ಅವಳು ಹೇಳಿದ್ದಳು. ಪೈಲಟ್ ಒಪ್ಪಿಕೊಂಡು ಅದನ್ನೇ ಮರಳಿ ಹೇಳಿದ್ದ. ಆದರೆ ಪರದೆಯ ಮೇಲಿನ ಅಂಕಿ ಐದು ಸಾವಿರ ದಾಟಿ ಏರುತ್ತಲೇ ಇತ್ತು. ಎರಡು ಚುಕ್ಕೆಗಳು ಹತ್ತಿರವಾಗುತ್ತಿದ್ದವು. ಅವಳ ಕಿವಿ ಮೇಷ್ಟ್ರ ದನಿಗಾಗಿ ಕಾಯಿತು. ದನಿ ಬರಲಿಲ್ಲ. ಮೇಲಿನ ವಿಮಾನವನ್ನು ಏಳು ಸಾವಿರದಲ್ಲೇ ತಡೆದಳು. ಕೆಳಗಿನದಕ್ಕೆ, "ಕೂಡಲೇ ಎಡಕ್ಕೆ ತಿರುಗಿ, ಐದು ಸಾವಿರಕ್ಕೆ ಇಳಿಯಿರಿ" ಎಂದಳು. ಅದು ತನ್ನದೇ ದನಿಯೆಂದು ನಂಬಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ಸಾರಿ ಮೇಡಂ, ಇಳೀತಿದೀವಿ" ಎಂದ ಪೈಲಟ್. ಚುಕ್ಕೆಗಳು ತಂತಮ್ಮ ದಾರಿ ಹಿಡಿದವು.

ಸ್ವಲ್ಪ ಹೊತ್ತಿಗೆ ಪಾಳಿ ಬದಲಾಯಿತು. ಪರೀಕ್ಷೆ ನೋಡಲು ಬಂದು ಹಿಂದೆಯೇ ನಿಂತಿದ್ದ ಮೇಲಧಿಕಾರಿ ಮೇಷ್ಟ್ರನ್ನು ಕೇಳಿದರು: "ಏನ್ರೀ, ಇವಳು ಒಬ್ಬಳೇ ಕೂರಬಹುದಾ?"

"ಕೂರ್ಲಿ" ಎಂದರು ಮೇಷ್ಟ್ರು, ಕಹಿ ಮಾತ್ರೆ ನುಂಗಿದವರಂತೆ.

ಅವಳು ಎದ್ದು ನಿಂತಳು. "ಸರ್, ನಿಮ್ಮಿಂದ..."

"ಅದೆಲ್ಲ ಆಮೇಲೆ ಹೇಳು. ಮೊದ್ಲು ನನ್ನ ಹೆಡ್‌ಫೋನಿನ ವೈರು ಕೀಳು. ಕೈ ಜೋಮು ಹಿಡಿದಿದೆ."

ಅವಳು ಬಗ್ಗಿದಳು. ಮೇಷ್ಟ್ರು ಎರಡೂ ಕೈಗಳನ್ನು ತಮ್ಮ ತೊಡೆಗಳಡಿಯಿಂದ ಮೆಲ್ಲನೆ ಎಳೆದುಕೊಳ್ಳುತ್ತಿದ್ದರು. ಕುರ್ಚಿಯ ಒರಟು ಬಟ್ಟೆಯ ನೇಯ್ಗೆ ಅಂಗೈ ತುಂಬ ಕೆಂಪಗೆ ಅಚ್ಚೊತ್ತಿತ್ತು.