ಖಾತ್ರಿಯಾಗದ ಹಕ್ಕಿ

ನ್ಯೂಜಿಲೆಂಡಿನ ಹಾರ್ನ್‌ಬಿಯ ವರ್ಕ್‌ಶಾಪಿನಲ್ಲಿ ಆಗ ನನ್ನ ಫೋರ್‌ಮನ್ ಆಗಿದ್ದವರು ಧಾರವಾಡದವರು. ಬಿಗಿದ ಬೋಲ್ಟನ್ನೂ ಹೆಬ್ಬೆರಳಿನಿಂದ ಒತ್ತಿ, 'ತಡಿಯೋ ತಮ್ಮಾ, ನೋಡೂಣು' ಎನ್ನುತ್ತಿದ್ದರು. ಫೆಸೆಂಟ್ ಎಂಬ ಕಾಡುಕೋಳಿಯಂಥ ಹಕ್ಕಿಯ ಬೇಟೆಯಲ್ಲೂ ಅವರದು ಅದೇ ಕಥೆ. ಅಲ್ಲಿ ಕೆಂಪು ಮುಖದ ಹುಂಜವನ್ನಷ್ಟೇ ಹೊಡೆಯಬಹುದು. ಕಂದು ಹೇಟೆಯನ್ನು ಹೊಡೆಯುವಂತಿಲ್ಲ.

ಸೀಸನ್ನಿನ ಕೊನೆಯ ಭಾನುವಾರ ನನ್ನನ್ನೂ ಕರೆದೊಯ್ದರು. ಅವರ ಮುದಿ ನಾಯಿಗೆ ಬಹುಶಃ ಅದೇ ಕೊನೆಯ ಬೇಟೆ. ಆ ವರ್ಷ ಅದು ಒಂದು ಹಕ್ಕಿಯನ್ನೂ ಕಚ್ಚಿ ತಂದಿರಲಿಲ್ಲ. ಹಿಮಗಟ್ಟಿದ ಹುಲ್ಲಿನಲ್ಲಿ ನಾಲ್ಕು ಗಂಟೆ ಅಲೆದು ನನ್ನ ಕಾಲ್ಬೆರಳುಗಳು ಮರಗಟ್ಟಿದ್ದವು. ಕೊನೆಗೂ ನಾಯಿ ಪೊದೆಗೆ ನುಗ್ಗಿತು; ಹಕ್ಕಿಯೊಂದು ಭರ್ರನೆ ಎದ್ದಿತು.

'ಹುಂಜ! ಹೊಡೀರಿ ಅಂಕಲ್!'

'ತಡಿಯೋ ತಮ್ಮಾ, ನೋಡೂಣು. ನಿನಗ ಖಾತ್ರಿ ಐತೇನು?'

'ಕೆಂಪಗೆ ಕಾಣ್ತಲ್ಲ! ಹೊಡೀರಿ ಅಂದ್ರೆ!'

ಹಕ್ಕಿ ಬೇಲಿ ದಾಟಿತು. ನಾಯಿ ಗುಂಡಿನ ಸದ್ದಿಗಾಗಿ ಅವರ ಮುಖವನ್ನೇ ನೋಡುತ್ತ ಕೂತಿತ್ತು. ಅವರು ಕೋವಿ ಇಳಿಸಿ ಅದರ ಕಿವಿ ಸವರಿದರು. ಅವರ ಯೂಟಿನಲ್ಲಿ, ಅಂದರೆ ಪಿಕಪ್ ಗಾಡಿಯಲ್ಲಿ, ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಒಳಗೊಳಗೇ ಕುದಿಯುತ್ತಿದ್ದೆ: ಇಷ್ಟು ಅನುಮಾನದ ಮನುಷ್ಯ ಕೋವಿ ಯಾಕೆ ಹಿಡಿಯಬೇಕು?

ಅಂದಿನ ಡೈರಿಯಲ್ಲಿ 'ಕೆಂಪು ಮುಖ, ಸ್ಪಷ್ಟವಾಗಿ ಕಂಡಿತು' ಎಂದು ಬರೆದಿದ್ದೇನೆ. ಆದರೆ ಹಕ್ಕಿ ಎದ್ದದ್ದು ಸೂರ್ಯನಿಗೆ ಎದುರಾಗಿ. ಕಣ್ಣಿಗೆ ಬಿದ್ದದ್ದು ಬರೀ ಕಪ್ಪು ಆಕಾರ. ಒಂದು ಹಕ್ಕಿ ಬಿದ್ದಿದ್ದರೆ ಮನೆಗೆ ಹೊರಡಬಹುದಿತ್ತು; ನನಗಾಗ ಬೇಕಾಗಿದ್ದದ್ದು ಯೂಟಿನ ಹೀಟರ್. ಆದರೂ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.